ಸ್ಮಾರ್ಟ್ ಟಿವಿ ತರುವ ಮುನ್ನ ಅಜ್ಜಿಯನ್ನೂ ಕೇಳಿ



ಕುವೈತಿನ ನಮ್ಮ ಮನೆಗಳಲ್ಲಿ ಹೊಸ ಟಿವಿಯ ಮಾತು ಬಂದರೆ ಅಪ್ಪ ಅಮ್ಮ ನಿಮ್ಮ ಮುಖ ನೋಡುತ್ತಾರೆ. "ನಿನಗೆ ಗೊತ್ತಾಗುತ್ತಲ್ಲ, ನೀನೇ ನೋಡಿ ಹೇಳು" ಎಂದುಬಿಡುತ್ತಾರೆ. ನಿಮ್ಮ ಕಣ್ಣು ಗೇಮಿಂಗ್ ಕಡೆಗೆ ಓಡುವುದು ಸಹಜ. ಆದರೆ ನಿಮಗೆ ಫೋನಿದೆ, ಲ್ಯಾಪ್‌ಟಾಪಿದೆ. ಹಾಲಿನ ಟಿವಿಯನ್ನು ಹೆಚ್ಚು ನೋಡುವವರು ಅಮ್ಮ, ಮತ್ತು ಊರಿನಿಂದ ಕೆಲವು ವಾರಗಳಿಗೆಂದು ಬರುವ ಅಜ್ಜಿ, ತಾತ. ಅವರಿಗೆ ಇಲ್ಲಿ ಕನ್ನಡದ ಜೊತೆ ಎಂದರೆ ಬಹುಪಾಲು ಆ ಪರದೆಯೇ. ಹಾಗಾಗಿ ಅವರಿಂದಲೇ ಶುರು ಮಾಡೋಣ.

ಮನೆಯವರು ಯಾವ ಕನ್ನಡ ಆ್ಯಪ್ ನೋಡುತ್ತಾರೆ, ಮೊದಲು ಪಟ್ಟಿ ಮಾಡಿ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಟೈಝೆನ್, ಎಲ್‌ಜಿಯಲ್ಲಿ ವೆಬ್‌ಓಎಸ್, ಇನ್ನು ಹಲವು ಬ್ರ್ಯಾಂಡ್‌ಗಳಲ್ಲಿ ಗೂಗಲ್ ಟಿವಿ ಇರುತ್ತದೆ. ಎಲ್ಲ ಆ್ಯಪ್‌ಗಳೂ ಎಲ್ಲದರಲ್ಲೂ ಸಿಗುವುದಿಲ್ಲ. ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆ; ಬೆಂಗಳೂರಿನ ಚಿಕ್ಕಪ್ಪನ ಮನೆಯಲ್ಲಿ ಬರುವ ಧಾರಾವಾಹಿ ಇಲ್ಲಿ ಬಾರದಿರಬಹುದು. ಅಂಗಡಿಯಲ್ಲೇ ಆ್ಯಪ್ ಸ್ಟೋರ್ ತೆರೆದು ಹುಡುಕಿ. ರಿಮೋಟಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ ನೋಡಿ. ಒಂದೊಂದೇ ಅಕ್ಷರ ಒತ್ತಿ ಹುಡುಕುವುದು ಅಜ್ಜಿಗೆ ಆಗದ ಕೆಲಸ.

ಇನ್ನು ಅಳತೆ. ಪರದೆಯ ಕರ್ಣದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ಕೂರಬೇಕು ಎಂಬುದು ಸುಲಭದ ಲೆಕ್ಕ. 55 ಇಂಚಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ಜಾಗ ಬೇಕು. ಸಾಲ್ಮಿಯಾ, ಅಬ್ಬಾಸಿಯಾದ ಫ್ಲ್ಯಾಟಿನ ಹಾಲಿನಲ್ಲಿ ಸೋಫಾದಿಂದ ಗೋಡೆಗೆ ಟೇಪು ಹಿಡಿದು ನೋಡಿ. ಗೋಡೆಗೆ ಮೊಳೆ ಹೊಡೆಯುವ ಮುನ್ನ ಹಾರಿಸ್‌ಗೆ ಒಂದು ಮಾತು ಹೇಳಿ, ಬಾಡಿಗೆ ಮನೆ.

ಓಎಲ್‌ಇಡಿಯಲ್ಲಿ ಕಪ್ಪು ನಿಜವಾದ ಕಪ್ಪು. ರಾತ್ರಿ ಸಿನಿಮಾಕ್ಕೆ ಚೆಂದ. ಆದರೆ ಇಲ್ಲಿನ ಹಗಲು ಕಿಟಕಿ ತುಂಬ ಬಿಸಿಲು. ಆಗ ಹೆಚ್ಚು ಬೆಳಕು ಕೊಡುವ ಒಳ್ಳೆಯ ಎಲ್‌ಇಡಿ ಅಥವಾ ಕ್ಯೂಎಲ್‌ಇಡಿ ವಾಸಿ. ಅಂಗಡಿಯಲ್ಲಿ ಪಕ್ಕಕ್ಕೆ ನಿಂತೂ ನೋಡಿ: ಕೆಲವು ಎಲ್‌ಇಡಿ ಪರದೆಗಳ ಬಣ್ಣ ಓರೆಯಿಂದ ಮಂಕಾಗುತ್ತದೆ. ಶುಕ್ರವಾರ ಮನೆ ತುಂಬ ನೆಂಟರು ಕೂತಾಗ ಅದು ಗೊತ್ತಾಗುತ್ತದೆ.

ತೆಳು ಟಿವಿಗಳ ಸ್ಪೀಕರು ಸಾಮಾನ್ಯವಾಗಿ ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತದೆ. ಹಿರಿಯರಿಗೆ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ಹತ್ತು ಇಂಚು ಕಡಿಮೆ ಕೊಂಡು, ಉಳಿದ ದಿನಾರಿನಲ್ಲಿ ಸೌಂಡ್‌ಬಾರ್ ತರುವುದು ಜಾಣತನ. ಅದನ್ನು ಜೋಡಿಸಲು ಎಚ್‌ಡಿಎಂಐ ಎಆರ್‌ಸಿ ಕಿಂಡಿ ಇದೆಯೇ ನೋಡಿ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್ ವೇಗ. ನೀವು ಪಕ್ಕದ ಕೋಣೆಯಲ್ಲಿ ಆಡುತ್ತಿದ್ದರೆ ಇನ್ನೂ ಹೆಚ್ಚು ಬೇಕು.

"ಇದನ್ನೇ ಮುಂದೆ ಊರಿಗೆ ಒಯ್ದರಾಯಿತು" ಎಂದು ಅಪ್ಪ ಹೇಳಬಹುದು. ಕುವೈತಿನಲ್ಲಿ 240 ವೋಲ್ಟ್, ಭಾರತದಲ್ಲಿ 230. ಎರಡೂ ಕಡೆ 50 ಹರ್ಟ್ಸ್. ಪ್ಲಗ್ ಬದಲಿಸಿದರೆ ಸಾಕು. ಆದರೆ 2013ರ ಆಗಸ್ಟ್ 26ರಿಂದ ಭಾರತಕ್ಕೆ ಸಾಮಾನಿನ ಜೊತೆ ತರುವ ಚಪ್ಪಟೆ ಟಿವಿಗೆ ಇದ್ದ ಸುಂಕ ವಿನಾಯಿತಿ ರದ್ದಾಗಿದೆ. ಆಗಲೇ ನಿಗದಿಯಾದ ಸುಂಕ ಶೇ 35ಕ್ಕೂ ಮೇಲೆ. ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಎಂದೂ ಕೇಳಿ. ಊರಿನ ಮನೆಗೆ ಊರಿನಲ್ಲೇ ಕೊಳ್ಳುವುದು ಲೇಸು.

ಒಂದು ಸಮಾಧಾನ: ಪರದೆ ಬಾಳಿದಷ್ಟು ಕಾಲ ಅದರ ತಂತ್ರಾಂಶ ಬಾಳುವುದಿಲ್ಲ. ಕೆಲವು ವರ್ಷಗಳ ಬಳಿಕ ಆ್ಯಪ್‌ಗಳು ನಿಂತರೆ ಟಿವಿ ಎಸೆಯಬೇಡಿ. ಚಿಕ್ಕ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರೆ ಆಯಿತು.

ಟಿವಿ ಬಂದ ದಿನ ಹತ್ತು ನಿಮಿಷ ಕೊಡಿ. ಕನ್ನಡದ ಆ್ಯಪ್‌ಗಳನ್ನು ಮೊದಲ ಸಾಲಿಗೆ ತನ್ನಿ. ರಿಮೋಟನ್ನು ಅಜ್ಜಿಯ ಕೈಗೆ ಕೊಟ್ಟು, ಅವರೇ ಒಮ್ಮೆ ಹಚ್ಚಿ, ಹುಡುಕಿ, ಆರಿಸುವವರೆಗೆ ಪಕ್ಕದಲ್ಲಿ ಕೂತಿರಿ.