ಅಲಾಯಿಗೆ ನಾಲ್ಕು ದಿನ ಮೊದಲೇ ಬನ್ನಿ: ಗುಳೆ ಮನೆಯ ಹಿರಿಯರ ಲೆಕ್ಕ

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ‘ಮನ್ಯಾಗ ಯಾರ್‍ಯಾರು ಅದೀರಿ?’ ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ನಾವು ಮುದುಕ್ರು, ಈ ಹುಡುಗ್ರು ಅದೀವ್ರಿ. ಉಳಿದೋರು ಬೆಂಗ್ಳೂರಾಗ ಅದಾರ.’ ದೇವದುರ್ಗದ ಒಣಭೂಮಿ ಮಳೆ ನಂಬಿದ್ದು. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದ್ದು ಒಂದಷ್ಟು ಊರುಗಳನ್ನು ಮಾತ್ರ. ಮಾನ್ವಿಗೆ ತುಂಗಭದ್ರಾ ಎಡದಂಡೆಯ ನೀರು ಬರುತ್ತದೆ, ಆದರೆ ಕಾಲುವೆಯ ಕೊನೆಭಾಗದವರಿಗೆ ಅದು ಬರುವುದು ಕಾಗದದ ಮೇಲೆಯೇ ಹೆಚ್ಚು. ಹೀಗಾಗಿ ಗುಳೆ. ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಖಾಲಿ ಸೈಟಿನ ತಗಡಿನ ಶೆಡ್ಡು ಸೇರುತ್ತಾರೆ. ಊರ ಮನೆ, ಎಮ್ಮೆ, ಶಾಲೆಗೆ ಹೋಗುವ ಮೊಮ್ಮಕ್ಕಳು ಮುದುಕರ ಪಾಲಿಗೆ.

ವೃದ್ಧಾಪ್ಯದ ಬಗ್ಗೆ ಬರುವ ಲೇಖನಗಳು ಸಾಮಾನ್ಯವಾಗಿ ನಡಿಗೆ, ಸೊಪ್ಪು, ಧ್ಯಾನ ಎನ್ನುತ್ತವೆ. ಗುಳೆ ಮನೆಯ ಅಜ್ಜಿಗೆ ನಡಿಗೆಯ ಕೊರತೆ ಯಾವತ್ತೂ ಇಲ್ಲ. ಕೊರತೆ ಇರುವುದು ಮಾತಿಗೆ, ಮತ್ತು ಆಫೀಸಿನ ಬಾಗಿಲಲ್ಲಿ ಜೊತೆಗೆ ನಿಲ್ಲುವ ಒಬ್ಬ ಮನುಷ್ಯನಿಗೆ. ಒಂಟಿತನ ವರ್ಷಕ್ಕೆ ಸುಮಾರು 8.71 ಲಕ್ಷ ಸಾವುಗಳ ಜೊತೆ ತಳುಕು ಹಾಕಿಕೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಅಂದಾಜು ಕೊಟ್ಟಿತು. ಗುಳೆ ಊರುಗಳು ಆ ಕೊರತೆ ತುಂಬಿಕೊಳ್ಳಲು ಮೊದಲಿನಿಂದ ಇಟ್ಟುಕೊಂಡಿರುವ ಏರ್ಪಾಡು ಹಬ್ಬ. ಯುಗಾದಿ, ನಾಗರಪಂಚಮಿ, ಊರ ಜಾತ್ರೆ, ಎಲ್ಲಕ್ಕಿಂತ ಮಿಗಿಲಾಗಿ ಅಲಾಯಿ.

ಅಲಾಯಿ ಎಂದರೆ ಮೊಹರಂ. ಪೀರಲ ಹಬ್ಬ ಎಂದೂ ಕರೆಯುತ್ತಾರೆ. ಇದೇ ಜಿಲ್ಲೆಯ ಮುದಗಲ್ಲಿನ ಮೊಹರಂ ದೂರದೂರಿನವರನ್ನೂ ಸೆಳೆಯುವಷ್ಟು ದೊಡ್ಡದು. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಮಸೂತಿ ಇದೆ, ದೇವರಿದೆ, ಹಬ್ಬ ನಡೆಯುತ್ತದೆ. ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಗುದ್ದಲಿ ಬೀಳುತ್ತದೆ, ಬೆಂಕಿ ಹಾಕುವ ಅಲಾಯಿ ಕುಣಿ ತಯಾರಾಗುತ್ತದೆ. ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು (ಕೈಯಾಕಾರದ ದೇವರು) ತೊಳೆದು, ಬಟ್ಟೆ ಉಡಿಸಿ ಕೂರಿಸುತ್ತಾರೆ. ಯಾವ ದಿನ ಎನ್ನುವುದು ಊರಿಂದ ಊರಿಗೆ ಬೇರೆ. ಜನ ಸಕ್ಕರಿ ಓದಿಸುತ್ತಾರೆ, ಹರಕೆ ಹೊತ್ತವರು ಫಕೀರರಾಗುತ್ತಾರೆ. ಒಂಬತ್ತನೆಯ ರಾತ್ರಿ ಖತಲ್ ರಾತ್ರಿ. ಹತ್ತನೆಯ ದಿನ ದೇವರು ಹೊಳೆಗೋ ಬಾವಿಗೋ ಹೋಗುವುದರೊಂದಿಗೆ ಹಬ್ಬ ಮುಗಿಯುತ್ತದೆ.

ಈ ಹತ್ತು ದಿನದಲ್ಲಿ ಮುದುಕರು ನೋಡುಗರಲ್ಲ, ಕೆಲಸಗಾರರು. ರಿವಾಯತ್ ಪದ, ಅಂದರೆ ಅಲಾಯಿ ಹಾಡು, ಎತ್ತಿಕೊಡುವ ಮುಖ್ಯ ದನಿ ಬಹಳ ಕಡೆ ಅರವತ್ತು ದಾಟಿದವರದೇ. ಹಿಂದೆ ಹೇಳುವ ಮೇಳ ಹುಡುಗರದು. ಕುಣಿಯ ಸುತ್ತ ಎಷ್ಟು ಹೆಜ್ಜೆ ಮುಂದೆ, ಯಾವ ಹೊಡೆತಕ್ಕೆ ತಿರುಗಬೇಕು ಎಂಬುದು ಪುಸ್ತಕದಲ್ಲಿಲ್ಲ. ಯಾವ ಮನೆಯವರು ದೇವರು ಹಿಡಿಯಬೇಕು, ಸವಾರಿ ಯಾವ ಓಣಿಯಿಂದ ಹೊರಡಬೇಕು ಎಂಬ ತಕರಾರು ತೀರಿಸುವವರೂ ಅವರೇ. ವರ್ಷದ ಮುನ್ನೂರು ದಿನ ‘ಕುಂದ್ರಪ್ಪ ಸುಮ್ನ’ ಎನ್ನಿಸಿಕೊಳ್ಳುವ ಅಜ್ಜನ ಮನೆ ಮುಂದೆ ಆ ವಾರ ಹುಡುಗರು ಬಂದು ನಿಲ್ಲುತ್ತಾರೆ.

ಕೆಡುವುದೂ ಇಲ್ಲಿಯೇ. ದುಡಿಯುವವರು ಖತಲ್ ರಾತ್ರಿಗೆ ಇಳಿದು ಮರುದಿನ ಸಂಜೆಯ ಬಸ್ಸು ಹಿಡಿದರೆ ಪದ ಕಲಿಯಲು ಹೊತ್ತಿಲ್ಲ. ಆಗ ಡಿಜೆ ಬರುತ್ತದೆ. ಡಿಜೆ ಬಂದ ಕಡೆ ಅಜ್ಜನಿಗೆ ಕೆಲಸವಿಲ್ಲ, ಕಿವಿಗೆ ಹತ್ತಿ ಇಟ್ಟುಕೊಂಡು ಒಳಗೆ ಮಲಗುವುದೊಂದೇ. ಸಂಪ್ರದಾಯ ಉಳಿಯಬೇಕೆಂಬ ದೊಡ್ಡ ಮಾತು ಬೇಡ. ಲೆಕ್ಕ ಇಷ್ಟೇ: ನಾಲ್ಕು ದಿನ ಮೊದಲು ಬಂದರೆ ರಾತ್ರಿ ತಾಲೀಮು ನಡೆಯುತ್ತದೆ, ಹಗಲು ಮುದುಕರ ಆಫೀಸು ಕೆಲಸ ಮುಗಿಯುತ್ತದೆ. ಮೊಹರಂ ಕೊನೆಯ ದಿನ ಸರ್ಕಾರಿ ರಜೆ. ಆ ದಿನ ಬಂದವನಿಗೆ ಬ್ಯಾಂಕೂ ಇಲ್ಲ, ನಾಡಕಚೇರಿಯೂ ಇಲ್ಲ. ಯುಗಾದಿಗೂ ಇದೇ ಮಾತು.

ರಜೆ ಕೇಳುವ ಮುನ್ನ ತಾರೀಖು ತಿಳಿದಿರಲಿ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ನಮ್ಮ ಪಂಚಾಂಗದಂತೆ ಅಧಿಕ ಮಾಸ ಹಾಕಿ ಸರಿದೂಗಿಸುವುದಿಲ್ಲ. ಹಾಗಾಗಿ ಅಲಾಯಿ ವರ್ಷವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. 2026ಕ್ಕೆ ಜೂನ್ ಕೊನೆಯ ವಾರ, ಚಂದ್ರದರ್ಶನ ನೋಡಿ ಒಂದು ದಿನ ಆಚೀಚೆ. ಆ ವರ್ಷ ಅಧಿಕ ಜ್ಯೇಷ್ಠ ಬರುವುದರಿಂದ ಕಾರ ಹುಣ್ಣಿಮೆಯೂ ಅಲಾಯಿಯ ಬೆನ್ನಿಗೇ ಬೀಳುತ್ತದೆ. ರಾಯಚೂರು ನಗರದಲ್ಲಿ ಕಾರ ಹುಣ್ಣಿಮೆ ಎಂದರೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬ, ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ. ಆ ಅಖಾಡದ ಸುತ್ತ ಯಾವ ಜೋಡಿ ಎಷ್ಟು ದೂರ ಎಳೆದೀತೆಂದು ವಾದ ಹಾಕುವವರ ತಲೆಗೂದಲು ನೋಡಿ: ಬಿಳಿಯದೇ ಹೆಚ್ಚು. ಆ ವರ್ಷ ಒಂದೇ ರಜೆಯಲ್ಲಿ ಎರಡೂ ಸಿಗುತ್ತವೆ. ಅಲ್ಲಿಂದ ಮುಂದೆ, 2029–30ರ ಹೊತ್ತಿಗೆ ಅಲಾಯಿ ಮೇ ತಿಂಗಳಿಗೆ ಬಂದಿರುತ್ತದೆ. ರಾಯಚೂರಿನ ಮೇ ಎಂದರೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಹಗಲಿನ ಸವಾರಿಗೆ ಹಿರಿಯರನ್ನು ನಿಲ್ಲಿಸುವಾಗ ನೆರಳು, ನೀರು, ಮಜ್ಜಿಗೆ ಈಗಿನಿಂದಲೇ ಊರ ಯೋಜನೆಯಲ್ಲಿರಬೇಕು. ಬಿ.ಪಿ. ಗುಳಿಗೆ ತಿನ್ನುವವರು ರಾತ್ರಿಯ ಕೆಂಡದ ಕುಣಿಯಿಂದ ಹತ್ತು ಹೆಜ್ಜೆ ದೂರ ಕೂತೇ ಪದ ಎತ್ತಿಕೊಡಬಹುದು.

ಈಗ ಹಗಲಿನ ಕೆಲಸ. ಮೊದಲು ಪಿಂಚಣಿ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ, ವಿಧವಾ ವೇತನ 800. ಅರ್ಜಿ ನಾಡಕಚೇರಿಯಲ್ಲಿ, ಪರಿಶೀಲನೆ ಗ್ರಾಮ ಆಡಳಿತ ಅಧಿಕಾರಿಯದು. ಅರ್ಜಿ ಹಾಕುವುದು ಕಷ್ಟವಲ್ಲ. ಬರುತ್ತಿದ್ದ ಹಣ ನಿಂತುಹೋದಾಗ ಯಾಕೆ ನಿಂತಿತೆಂದು ಕಂಡುಹಿಡಿಯುವುದು ಕಷ್ಟ. ಕಾರಣಗಳು ಬಹುತೇಕ ನಾಲ್ಕರಲ್ಲಿ ಒಂದು. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಖಾತೆ ಇದ್ದರೆ ಕೊನೆಗೆ ಜೋಡಿಸಿದ್ದಕ್ಕೆ ಹೋಗುತ್ತದೆ, ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ‘ರೊಕ್ಕ ಬಂದಿಲ್ಲ’ ಎನ್ನುತ್ತಿರುತ್ತಾಳೆ. ಇಲ್ಲವೇ ಬ್ಯಾಂಕಿನ ಕೆವೈಸಿ ಹಳತಾಗಿ ಖಾತೆಯೇ ನಿಂತಿರುತ್ತದೆ. ಇಲ್ಲವೇ ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು. ಕೊನೆಯದು ಗುಳೆ ಮನೆಗಳಿಗೇ ಅಂಟಿದ್ದು: ಪರಿಶೀಲನೆಗೆ ಬಂದಾಗ ಹಿರಿಯರು ಮಗನ ಜೊತೆ ಬೆಂಗಳೂರಿನಲ್ಲಿರುತ್ತಾರೆ, ‘ವಿಳಾಸದಲ್ಲಿ ಇಲ್ಲ’ ಎಂದು ಬರೆದುಹೋಗುವ ಸಾಧ್ಯತೆ ಇರುತ್ತದೆ.

ಇದೆಲ್ಲದರ ಬುಡದಲ್ಲಿರುವುದು ಒಂದು ಮೊಬೈಲ್ ನಂಬರು. ಅಪ್ಪನ ಆಧಾರ್‌ಗೆ ಯಾವತ್ತೋ ಮಗ ತನ್ನ ನಂಬರು ಕೊಟ್ಟಿರುತ್ತಾನೆ. ಆಮೇಲೆ ಆ ಸಿಮ್ ಕಳೆದಿರುತ್ತದೆ, ಅಥವಾ ಒಟಿಪಿ ಬರುವ ಹೊತ್ತಿಗೆ ಅವನು ಮೂರನೆಯ ಮಹಡಿಯಲ್ಲಿ ಕಾಂಕ್ರೀಟು ಹೊರುತ್ತಿರುತ್ತಾನೆ. ಊರಲ್ಲೇ ಇರುವ ಒಂದು ಫೋನಿನ ನಂಬರನ್ನು ಆಧಾರ್‌ಗೂ ಬ್ಯಾಂಕಿಗೂ ಹಾಕಿಸಿ. ದುಡಿದು ಸವೆದ ಬೆರಳಿಗೆ ಯಂತ್ರದಲ್ಲಿ ಗುರುತು ಸಿಗದು. ಆಧಾರ್ ಕೇಂದ್ರದಲ್ಲಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ಕೊಡಿಸಿದರೆ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲೂ ಜಗಳ ಕಡಿಮೆ. ಬ್ಯಾಂಕು ದೂರವಾದ ಊರುಗಳಿಗೆ ಅಂಚೆಯ ಪೇಮೆಂಟ್ಸ್ ಬ್ಯಾಂಕ್ ಖಾತೆ ವಾಸಿ, ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲಿ ಬೆರಳು ಒತ್ತಿಸಿಕೊಂಡು ಹಣ ಕೊಡುತ್ತಾನೆ.

ಪಡಿತರ ಚೀಟಿಯ ಯಜಮಾನಿ ಯಾರೆಂಬುದು 2023ರಿಂದ ಮನೆಮನೆಯ ರಾಜಕೀಯ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಅವಳ ಹೆಸರಿಗೆ, ಬಹಳ ಮನೆಗಳಲ್ಲಿ ಅವಳು ಅತ್ತೆ. ಊರಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿರುವವಳು ಅವಳೇ ಆಗಿದ್ದರೆ ಹಣ ಅಲ್ಲೇ ಇರಲಿ ಎನ್ನುವುದು ನನ್ನ ಅಭಿಪ್ರಾಯ, ಸೊಸೆಯಂದಿರು ಸಿಟ್ಟಾಗಬಹುದು. ಚೀಟಿ ಊರದೇ ಆದರೂ ಬೆಂಗಳೂರಿನ ಅಂಗಡಿಯಲ್ಲಿ ರೇಷನ್ ಎತ್ತಬಹುದು. ಆದರೆ ಇಡೀ ಕುಟುಂಬದ ಪಾಲನ್ನು ಅಲ್ಲೇ ಎತ್ತಿದರೆ ಆ ತಿಂಗಳು ಊರಿನವರಿಗೆ ಉಳಿಯುವುದಿಲ್ಲ. ಯಾರು ಎಲ್ಲಿ ಎತ್ತುವುದೆಂದು ಹಬ್ಬದಲ್ಲೇ ಮಾತಾಡಿಕೊಳ್ಳಿ.

ಒಂದು ಬೆಳಿಗ್ಗೆ ದೇಹಕ್ಕೆ. ಆಶಾ ಕಾರ್ಯಕರ್ತೆಯ ಮೂಲಕ ಬಿ.ಪಿ., ಸಕ್ಕರೆ ನೋಡಿಸಿ, ಚೀಟಿ ಬರೆಸಿಕೊಳ್ಳಿ. ‘ಕಣ್ಣು ಮಬ್ಬು’ ಎಂದರೆ ವಯಸ್ಸಾಯ್ತೆಂದು ಬಿಡಬೇಡಿ. ಪೊರೆಯಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಉಚಿತ. ದೊಡ್ಡ ಕಾಯಿಲೆಗೆ ರಾಯಚೂರಿನ ರಿಮ್ಸ್ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡನ್ನು ಕಾಯಿಲೆ ಬರುವ ಮುನ್ನವೇ ಮಾಡಿಸಿಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಅದರಲ್ಲಿದೆ.

ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ಸೇರುವುದು ಹಬ್ಬದಲ್ಲೇ ಆದ್ದರಿಂದ ಹೊಲದ ಪಾಲಿನ ಮಾತೂ ಆಗಲೇ ಏಳುತ್ತದೆ. ‘ನಿಮ್ಮ ಕಾಲಾಗ್ಲೇ ಮಾಡಿಕೊಟ್ಬಿಡ್ರಿ’ ಎಂದು ಅಪ್ಪನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವವರಿದ್ದಾರೆ. ಹಿರಿಯರೇ, ಹೆಬ್ಬೆಟ್ಟು ಒತ್ತುವ ಮುನ್ನ ಒಂದು ಸಾಲು ಬರೆಸಿ: ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಡುತ್ತಿದ್ದೇನೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು, ಅಂಥ ಷರತ್ತು ಮುರಿದರೆ ದಾನಪತ್ರವನ್ನೇ ರದ್ದುಪಡಿಸಲು ದಾರಿ ಕೊಡುತ್ತದೆ. ಷರತ್ತು ಬಾಯಿಮಾತಿನಲ್ಲಷ್ಟೇ ಇದ್ದರೆ ಸಾಬೀತು ಮಾಡುವುದು ಬಲು ಕಷ್ಟ. ಮಕ್ಕಳು ಜೀವನಾಂಶ ಕೊಡದಿದ್ದರೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರನ್ನು ಇಡಬೇಕಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಆದೇಶ ಮಾಡುವ ಅಧಿಕಾರ ಅಲ್ಲಿದೆ. ಕಚೇರಿಗೆ ಹೋಗಲು ಹೆದರುವವರಿಗೆ ಹಿರಿಯರ ಸಹಾಯವಾಣಿ 14567 ಉಂಟು.

ಹಿರಿಯರನ್ನೇ ಬೆಂಗಳೂರಿಗೆ ಕರೆದೊಯ್ಯುವವರಿಗೆ ಒಂದು ಮಾತು. ಶೆಡ್ಡಿನಲ್ಲಿ ಹಸುಗೂಸು ನೋಡಿಕೊಳ್ಳಲು ಅಜ್ಜಿ ಬೇಕು, ಸರಿ. ಆದರೆ ಅಲ್ಲಿ ಕಟ್ಟೆ ಇಲ್ಲ, ಓಣಿ ಇಲ್ಲ, ಅವಳ ಮಾತಿನ ಧಾಟಿ ತಿಳಿಯುವ ಅಂಗಡಿಯವನೂ ಇಲ್ಲ. ದುಡಿಮೆಯ ಒತ್ತಡದ ನಡುವೆ ಅವಳನ್ನು ಊರಿಗೆ ಕಳಿಸಲು ಈಗ ಟಿಕೆಟ್ಟಿನ ನೆಪವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಶೂನ್ಯ ಟಿಕೆಟು. ಸ್ಲೀಪರ್, ರಾಜಹಂಸಕ್ಕೆ ಅನ್ವಯವಿಲ್ಲ. ಅಜ್ಜನಿಗೆ 60 ದಾಟಿದ್ದರೆ ಗುರುತಿನ ಚೀಟಿ ತೋರಿಸಿ ಕಾಲುಭಾಗ ರಿಯಾಯಿತಿ. ದೇವದುರ್ಗಕ್ಕೆ ರೈಲಿಲ್ಲ, ಬಸ್ಸಿನಲ್ಲಿ ಕೂತೇ ರಾತ್ರಿ ಕಳೆಯಬೇಕು. ಕೂರಲಾಗದವರಿಗೆ ರಾಯಚೂರಿನವರೆಗೆ ರೈಲಿನ ಕೆಳಗಿನ ಬರ್ತು, ಅಲ್ಲಿಂದ ಬಸ್ಸು.

ವಾಪಸು ಹೊರಡುವ ಮುನ್ನ ನಿಮ್ಮದೇ ಒಂದು ಕಾಗದ. ಇಂದು ಗಾರೆ ಕಲಸುವವರು ಅರವತ್ತಕ್ಕೆ ಈ ಊರಿಗೇ ಮರಳುವವರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60ರೊಳಗೆ, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಿಕೊಳ್ಳಬಹುದು. ಮೂರು ವರ್ಷದ ಸದಸ್ಯತ್ವ ಇದ್ದು 60 ತುಂಬಿದರೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ, ಸಂಧ್ಯಾ ಸುರಕ್ಷಾದ ಎರಡೂವರೆ ಪಟ್ಟು. ಗಂಡಸರು ಮಾಡಿಸಿಕೊಂಡು ಹೆಂಡತಿಯನ್ನು ಬಿಡುವುದು ರೂಢಿ. ಕಲ್ಲು ಹೊತ್ತವಳು ಅವಳೂ ಹೌದು, ಅವಳ ಹೆಸರಿನಲ್ಲೂ ಬೇರೆ ಕಾರ್ಡು ಮಾಡಿಸಿ, ನವೀಕರಣದ ತಾರೀಖನ್ನು ಇಬ್ಬರ ಫೋನಿನಲ್ಲೂ ಹಾಕಿಟ್ಟುಕೊಳ್ಳಿ.