ಉಳಿಯೂ ಖಡ್ಗವೂ: ಸಿಖ್ಖರ ಇತಿಹಾಸದಲ್ಲಿ ಬಡಗಿಗಳ ಸ್ಥಾನ

ಸಿಖ್ಖರ ಇತಿಹಾಸವನ್ನು ಬೋಧಿಸುವಾಗ ನಮ್ಮ ಪಠ್ಯಗ್ರಂಥಗಳು ಸಾಮಾನ್ಯವಾಗಿ ಎರಡು ವರ್ಗದ ಮಹಾಪುರುಷರನ್ನು ಮಾತ್ರ ಮುಂದಿಡುತ್ತವೆ: ಹತ್ತು ಮಂದಿ ಗುರುಗಳು, ಹಾಗೂ ಅವರ ತರುವಾಯದ ಸೇನಾನಿಗಳು. 1857ರ ಅನಂತರ ಬ್ರಿಟಿಷ್ ಸೇನಾಧಿಕಾರಿಗಳು ಸೈನಿಕರ ಭರ್ತಿಗೆ ಅನುಕೂಲವಾಗುವಂತೆ ಬೆಳೆಸಿದ 'ಯೋಧಜನಾಂಗ'ವೆಂಬ ಕಲ್ಪನೆ ಈ ಚಿತ್ರವನ್ನು ಇನ್ನಷ್ಟು ಸಂಕುಚಿತಗೊಳಿಸಿತು. ಸಿಖ್ಖನೆಂದರೆ ಹುಟ್ಟುಯೋಧನೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿರುವುದಕ್ಕೆ ಇದೂ ಒಂದು ಕಾರಣ. ಈ ಭಾವನೆ ಎಷ್ಟು ಅಪೂರ್ಣವಾದುದೆಂಬುದನ್ನು, ಬಡಗಿಯ ಕಸುಬಿನ ಮನೆತನಗಳಿಂದ ಬಂದು ಧರ್ಮ, ಯುದ್ಧ, ಕಲೆ ಈ ಮೂರು ಕ್ಷೇತ್ರಗಳಲ್ಲಿ ಹೆಸರಾದ ಮೂವರ ಮೂಲಕ ಪರಿಶೀಲಿಸೋಣ.

ಮೊದಲನೆಯವನು ಭಾಯಿ ಲಾಲೋ. ಗುರು ನಾನಕರು (1469–1539) ಸೈದಪುರಕ್ಕೆ, ಎಂದರೆ ಈಗ ಪಾಕಿಸ್ತಾನದಲ್ಲಿರುವ ಏಮನಾಬಾದಿಗೆ, ಬಂದಾಗ ಈ ಬಡಗಿಯ ಮನೆಯಲ್ಲಿ ತಂಗಿದರೆಂದೂ, ಊರಿನ ಶ್ರೀಮಂತ ಅಧಿಕಾರಿ ಮಲಿಕ್ ಭಾಗೋವಿನ ಔತಣಕ್ಕಿಂತ ಲಾಲೋವಿನ ಒರಟು ರೊಟ್ಟಿಯನ್ನೇ ಮೆಚ್ಚಿದರೆಂದೂ ಜನಮಸಾಖಿ ಸಂಪ್ರದಾಯ ಹೇಳುತ್ತದೆ. ಜನಮಸಾಖಿಗಳು ಗುರುಗಳ ಕಾಲಾನಂತರ ರಚಿತವಾದ ಭಕ್ತಿಕಥನಗಳು. ಅವುಗಳ ಪ್ರತಿಯೊಂದು ವಿವರವನ್ನೂ ಐತಿಹಾಸಿಕ ಘಟನೆಯೆಂದು ಸ್ವೀಕರಿಸಲಾಗದು. ಆದರೆ ಗುರು ಗ್ರಂಥಸಾಹಿಬಿನ ತಿಲಂಗ ರಾಗದ ಭಾಗದಲ್ಲಿ, ಬಾಬರನ ದಂಡಯಾತ್ರೆಯ ಕ್ರೌರ್ಯವನ್ನು ವರ್ಣಿಸುವ ಗುರು ನಾನಕರ ಪದವೊಂದು ಲಾಲೋ ಎಂಬವನನ್ನೇ ಸಂಬೋಧಿಸುತ್ತದೆ. ಆದುದರಿಂದ ಈ ಹೆಸರು ಕೇವಲ ಕಥೆಯನ್ನು ಅವಲಂಬಿಸಿ ನಿಂತುದಲ್ಲ. ದುಡಿದು ತಿನ್ನುವ ಅನ್ನವೇ ಶುದ್ಧವೆಂಬ ತತ್ತ್ವಕ್ಕೆ ಸಂಪ್ರದಾಯವು ಕುಶಲಕರ್ಮಿಯೊಬ್ಬನನ್ನು ಸಾಕ್ಷಿಯಾಗಿ ಆರಿಸಿಕೊಂಡಿತೆಂಬುದು ಗಮನಾರ್ಹ.

ಈ ತತ್ತ್ವ 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಹರು ಖಾಲ್ಸಾವನ್ನು ಸ್ಥಾಪಿಸಿದಾಗಲೂ ಮುಂದುವರಿಯಿತು. ಮೊದಲು ದೀಕ್ಷೆ ಪಡೆದ ಐವರಲ್ಲಿ ಹಲವರು ಕಸುಬಿನ ಜಾತಿಗಳವರು. ಅವರಲ್ಲಿ ಭಾಯಿ ಸಾಹಿಬ್‌ಸಿಂಗ್ ನಮ್ಮ ಬೀದರಿನ ನಾಯಿಂದ ಮನೆತನದವನೆಂದು ಸಿಖ್ ಪರಂಪರೆ ಸ್ಮರಿಸುತ್ತದೆ.

ಎರಡನೆಯವನು ಜಸ್ಸಾಸಿಂಗ್ ರಾಮಗಢಿಯಾ (1723–1803). ಬಡಗಿಯ ಮನೆತನದ ಈತ ಮೊದಲು ಜಲಂಧರ ದೋಆಬದ ಫೌಜದಾರ ಅದೀನಾ ಬೇಗನ ಸೇವೆಯಲ್ಲಿದ್ದ. 1748ರಲ್ಲಿ ಸಿಖ್ಖರು ಅಮೃತಸರದಲ್ಲಿ ಕಟ್ಟಿದ್ದ ರಾಮರೌಣಿ ಎಂಬ ಮಣ್ಣಿನ ಕೋಟೆಯನ್ನು ಲಾಹೋರಿನ ಸುಬೇದಾರ ಮೀರ್ ಮನ್ನುವಿನ ಆಜ್ಞೆಯಂತೆ ಸೈನ್ಯ ಮುತ್ತಿದಾಗ, ಜಸ್ಸಾಸಿಂಗ್ ಮುತ್ತಿಗೆ ಹಾಕಿದವರ ಪಕ್ಷವನ್ನು ತೊರೆದು ಕೋಟೆಯೊಳಗಿನ ತನ್ನವರನ್ನು ಸೇರಿಕೊಂಡ. ಮುಂದೆ ಪುನರ್ನಿರ್ಮಿತವಾಗಿ ರಾಮಗಢವೆಂದು ಕರೆಯಲ್ಪಟ್ಟ ಆ ಕೋಟೆಯಿಂದಲೇ ಅವನಿಗೂ ಅವನ ಮಿಸಲಿಗೂ, ಕಾಲಕ್ರಮದಲ್ಲಿ ಸಿಖ್ ಬಡಗಿ ಸಮುದಾಯಕ್ಕೂ 'ರಾಮಗಢಿಯಾ' ಎಂಬ ಹೆಸರು ಬಂದಿತು. ಕಸುಬನ್ನು ಸೂಚಿಸುತ್ತಿದ್ದ ಹೆಸರಿನ ಸ್ಥಳದಲ್ಲಿ ಕೋಟೆಯ ಹೆಸರು ನಿಂತ ಈ ಬದಲಾವಣೆ ಸಾಮಾಜಿಕ ಇತಿಹಾಸಕಾರರಿಗೆ ಅಮೂಲ್ಯವಾದ ಸೂಚನೆ. ಸ್ವರ್ಣಮಂದಿರದ ಬಳಿಯಲ್ಲಿ ಇಂದಿಗೂ ಕಾಣುವ ಎರಡು ಗೋಪುರಗಳ ರಾಮಗಢಿಯಾ ಬುಂಗಾ ಈ ಮಿಸಲಿನದೇ ನಿರ್ಮಾಣ. ಜಸ್ಸಾಸಿಂಗನ ಮರಣಾನಂತರ ಮಹಾರಾಜ ರಣಜಿತಸಿಂಗ್ ಈ ಮಿಸಲಿನ ಪ್ರದೇಶಗಳನ್ನು ತನ್ನ ರಾಜ್ಯದಲ್ಲಿ ವಿಲೀನಗೊಳಿಸಿದ.

ಅಧಿಕಾರ ಹೋದರೂ ಕುಶಲತೆ ಉಳಿಯಿತು. ಅದಕ್ಕೆ ನಿದರ್ಶನ ಮೂರನೆಯವನಾದ ಭಾಯಿ ರಾಮಸಿಂಗ್ (1858–1916). ಹಿಂದೆ ರಾಮಗಢಿಯಾ ಮಿಸಲಿಗೆ ಸೇರಿದ್ದ ಬಟಾಲಾದ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿದ ಈತ, ಲಾಹೋರಿನ ಮೇಯೊ ಕಲಾಶಾಲೆಯಲ್ಲಿ ಲಾಕ್‌ವುಡ್ ಕಿಪ್ಲಿಂಗನ ಬಳಿ ಶಿಕ್ಷಣ ಪಡೆದು, ಕೊನೆಗೆ ಅದೇ ಶಾಲೆಯ ಪ್ರಾಂಶುಪಾಲನಾದ. ಅಮೃತಸರದ ಖಾಲ್ಸಾ ಕಾಲೇಜಿನ ಭವ್ಯ ಕಟ್ಟಡ ಆತನ ಯೋಜನೆ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಆಸ್ಬರ್ನ್ ಅರಮನೆಯ ದರ್ಬಾರು ಕೊಠಡಿಯ ಗಚ್ಚಿನ ಅಲಂಕಾರವೂ ಆತನ ನೇತೃತ್ವದಲ್ಲಿಯೇ ರೂಪುಗೊಂಡಿತು. ಆ ಕೊಠಡಿಯನ್ನು ಬಹುಕಾಲ ಕಿಪ್ಲಿಂಗನ ಹೆಸರಿನೊಡನೆ ಮಾತ್ರ ಜೋಡಿಸುವ ವಾಡಿಕೆಯಿದ್ದಿತು. ಯೋಜಿಸಿದ ಶಿಲ್ಪಿ ಹಿನ್ನೆಲೆಗೆ ಸರಿದು ಮೇಲ್ವಿಚಾರಕನ ಹೆಸರು ಮುಂದೆ ಬರುವುದು ವಸಾಹತು ಕಾಲದ ಕಲಾಚರಿತ್ರೆಯಲ್ಲಿ ಅಪರೂಪವಲ್ಲ.

ಈ ಮೂವರ ನಡುವೆ ರಕ್ತಸಂಬಂಧವನ್ನಾಗಲಿ ನೇರವಾದ ಗುರುಶಿಷ್ಯ ಪರಂಪರೆಯನ್ನಾಗಲಿ ನಾವು ಕಲ್ಪಿಸುತ್ತಿಲ್ಲ. ಮೂವರಿಗೂ ಸಾಕ್ಷ್ಯಗಳು ಸಹ ಬೇರೆ ಬೇರೆ: ಲಾಲೋವಿಗೆ ಪದ ಮತ್ತು ಸಂಪ್ರದಾಯ, ಜಸ್ಸಾಸಿಂಗನಿಗೆ ರಾಜಕೀಯ ಚರಿತ್ರೆ, ರಾಮಸಿಂಗನಿಗೆ ದಾಖಲೆಗಳೂ ನಿಂತಿರುವ ಕಟ್ಟಡಗಳೂ. ಆದರೂ ಇವರನ್ನು ಜೊತೆಯಾಗಿ ಅಭ್ಯಸಿಸಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಖಡ್ಗವು ಸಿಖ್ಖರ ಇತಿಹಾಸದ ಒಂದು ಸಾಧನ ಮಾತ್ರ. ಉಳಿಯನ್ನು ಹಿಡಿದ ಕೈ ಅದಕ್ಕಿಂತ ಮೊದಲೂ ಇದ್ದಿತು, ಅನಂತರವೂ ದುಡಿಯಿತು. ಒಂದು ಸಮುದಾಯದ ಸ್ವಭಾವವನ್ನು ಸೈನ್ಯದ ಭರ್ತಿಯ ಕಡತಗಳಿಂದ ತಿಳಿಯಲು ಯತ್ನಿಸುವುದಕ್ಕಿಂತ ಅದರ ಕಸುಬುಗಳಿಂದ ತಿಳಿಯುವುದು ಲೇಸು. ನಮ್ಮ ತರಗತಿಗಳಲ್ಲಿ ಈ ದೃಷ್ಟಿಗೆ ಅವಕಾಶ ದೊರೆಯಬೇಕಾಗಿದೆ.