ಒಡೆದ ಕಿಟಕಿ ಕಂಡರೆ ಎದೆ ನಡುಗುವುದೇಕೆ?

ಪ್ರಶ್ನೆ: ಕಸದ ರಾಶಿ, ಪಾಳು ಮನೆಗಳಿರುವ ಬೀದಿಯಲ್ಲಿ ಕಳ್ಳತನದ ಸುದ್ದಿಯೇ ಇಲ್ಲದಿದ್ದರೂ ಭಯವಾಗುವುದೇಕೆ?

ಉತ್ತರ: ಕಳ್ಳನನ್ನು ಕಣ್ಣಾರೆ ಕಂಡವರು ಕಡಿಮೆ. ಒಡೆದ ಗಾಜು, ಉರಿಯದ ಬೀದಿದೀಪ ಮಾತ್ರ ದಿನವೂ ಕಣ್ಣಿಗೆ ಬೀಳುತ್ತವೆ. ‘ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ’ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಕೂಗಿದರೆ ಓಡಿ ಬರುವವರೂ ಇರಲಾರರು ಎಂಬುದು ಆ ಲೆಕ್ಕದ ಮುಂದಿನ ಸಾಲು.

1982ರಲ್ಲಿ ಅಮೆರಿಕದ ಜೇಮ್ಸ್ ಕ್ಯೂ. ವಿಲ್ಸನ್ ಮತ್ತು ಜಾರ್ಜ್ ಕೆಲಿಂಗ್ ‘ಒಡೆದ ಕಿಟಕಿಗಳು’ ಎಂಬ ಪ್ರಸಿದ್ಧ ಲೇಖನ ಬರೆದರು. ಅದು ಶುರುವಾಗುವುದೇ ನ್ಯೂಜೆರ್ಸಿಯ ಅನುಭವದಿಂದ. ಅಲ್ಲಿನ ನ್ಯೂಅರ್ಕ್ ನಗರದಲ್ಲಿ ಪೊಲೀಸರನ್ನು ಕಾರಿನಿಂದಿಳಿಸಿ ಕಾಲ್ನಡಿಗೆಯ ಗಸ್ತಿಗೆ ಹಾಕಿದ್ದರು. ಅಪರಾಧ ಇಳಿಯಲಿಲ್ಲ, ಜನರ ಭಯ ಇಳಿಯಿತು! ಕುಡುಕರ ಗಲಾಟೆ, ಪುಂಡರ ಗುಂಪು ಹದ್ದುಬಸ್ತಿಗೆ ಬಂದದ್ದೇ ಅವರಿಗೆ ಸಾಕಾಗಿತ್ತು.

ಆದರೆ ಕಣ್ಣನ್ನೂ ಪೂರ್ತಿ ನಂಬುವಂತಿಲ್ಲ. ಷಿಕಾಗೊದಲ್ಲಿ ಸಂಶೋಧಕರಾದ ರಾಬರ್ಟ್ ಸ್ಯಾಂಪ್ಸನ್ ಮತ್ತು ಸ್ಟೀಫನ್ ರಾಡನ್‌ಬುಷ್ ವಾಹನದಿಂದ ಬೀದಿಬೀದಿಗಳ ವಿಡಿಯೊ ತೆಗೆಸಿ, ನಿಜವಾದ ಕಸ-ಕೊಳಕನ್ನು ನಿವಾಸಿಗಳ ಮಾತಿನೊಂದಿಗೆ ಹೋಲಿಸಿದರು. ಕಪ್ಪು ಜನರು, ಬಡವರು ಹೆಚ್ಚಿರುವ ಕಡೆ ಅಷ್ಟೇ ಕಸವಿದ್ದರೂ ಅವ್ಯವಸ್ಥೆ ಜಾಸ್ತಿ ಎಂದೇ ಜನ ಹೇಳಿದ್ದರು. ಭಯದ ಹೊಣೆಯನ್ನೆಲ್ಲ ಕಸದ ಮೇಲೆ ಹೊರಿಸಿದರೆ ಪೂರ್ವಗ್ರಹ ಸುಲಭವಾಗಿ ಪಾರಾಗುತ್ತದೆ.

ಹಾಗಾದರೆ ಶುಚಿಗೊಳಿಸಿ ಫಲವಿಲ್ಲವೇ? ಇದೆ. ಫಿಲಡೆಲ್ಫಿಯಾದಲ್ಲಿ 541 ಖಾಲಿ ನಿವೇಶನಗಳನ್ನು ಪ್ರಯೋಗಕ್ಕೆ ಆರಿಸಿ, ಕೆಲವನ್ನು ಹಾಗೇ ಬಿಟ್ಟು, ಉಳಿದವುಗಳ ಕಸ ತೆಗೆದರು. ಹಲವು ಕಡೆ ಹುಲ್ಲು ಬೆಳೆಸಿ, ಗಿಡ ನೆಟ್ಟು, ಗಿಡ್ಡ ಮರದ ಬೇಲಿ ಹಾಕಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸರಿಪಡಿಸಿದ ಜಾಗಗಳ ಸುತ್ತಲಿನವರಲ್ಲಿ ‘ಇಲ್ಲಿ ಅಪರಾಧವಿದೆ’ ಎಂಬ ಭಾವನೆ ಸುಮಾರು 37% ತಗ್ಗಿತ್ತು. ತೀರಾ ಬಡ ಬಡಾವಣೆಗಳಲ್ಲಿ ಬಂದೂಕಿನ ಹಿಂಸೆಯೂ 29% ಇಳಿದಿತ್ತು.